ಟೈಲರ್ ತುಟಿಯ ಕಪ್ಪು ಚುಕ್ಕೆಗಳು

ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಟೈಲರ್‌ಗೆ ಏದುಸಿರು ಬರುತ್ತಿತ್ತು. ರಕ್ತ ಕಡಿಮೆ ಇದೆಯೆಂದು ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗುವಾಗ ಏರಿದ ರಕ್ತ, ಮಾತ್ರೆ ಬಿಟ್ಟ ಮೇಲೆ ಇಳಿಯುತ್ತಿತ್ತು. ಆಗಾಗ ಹೊಟ್ಟೆ ಹಿಂಡುವ ನೋವು ಬೇರೆ. ಮತ್ತೆ ಆಸ್ಪತ್ರೆಗೆ ಹೋಗೆಂದರೆ ಕೇಳುವ ಆಸಾಮಿಯಲ್ಲ.

ಹೆಂಡತಿಯ ತಂಗಿ ನರ್ಸ್, ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ವಿಭಾಗಕ್ಕೆ ಈಚೆಗಷ್ಟೇ ಬದಲಾಗಿದ್ದಳು. ಯೂನಿಫಾರಂ ಸಡಿಲ ಮಾಡಿಸಲು ಬಂದವಳು ಅವನ ಮುಖ ನೋಡಿ ನಿಂತಳು.

"ಏನ್ ಭಾವ, ಇಷ್ಟು ಬಿಳಚ್ಕೊಂಡಿದೀರ? ತುಟಿ ಮೇಲಿನ ಚುಕ್ಕೆ ಹೇಗೆ ಬಂತು? ಇಷ್ಟು ವರ್ಷ ಕೇಳೇ ಇಲ್ಲ ನಾನು."

ಟೈಲರ್ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದ. "ಇವುಗಳದ್ದೇ ಕೆಲಸ. ಚುಚ್ಚಿ ಚುಚ್ಚಿ ಕಲೆ ಬಿದ್ದಿದೆ. ನಮ್ಮಪ್ಪನಿಗೂ ಇತ್ತು, ಅವರೂ ಟೈಲರೇ."

"ನಿಮ್ಮ ಮಗಳಿಗೆ ಗುಂಡಿ ಹಚ್ಚೋಕೂ ಬರಲ್ಲ. ಅವಳ ತುಟಿ ಮೇಲೂ ಇದೆಯಲ್ಲ?"

"ಚಿಕ್ಕಮ್ಮಾ, ಮಾನ ತೆಗೀಬೇಡ!" ಎಂದಳು ಮೂಲೆಯಲ್ಲಿ ಓದುತ್ತಿದ್ದ ಮಗಳು.

ನರ್ಸ್ ಇಬ್ಬರ ಬಾಯನ್ನೂ ತೆರೆಸಿ ನೋಡಿದಳು. ಕೆನ್ನೆಯ ಒಳಗೂ ಚುಕ್ಕೆಗಳಿದ್ದವು.

"ಚುಕ್ಕೆ ಇದ್ದೋರಿಗೆಲ್ಲ ಕಾಯಿಲೆ ಅಂತಲ್ಲ. ಆದ್ರೆ ವಂಶದಲ್ಲಿ ಬರೋ ಒಂದು ಅಪರೂಪದ ಕಾಯಿಲೆ ಇದೆ. ಅದರಲ್ಲಿ ಜಠರ, ಕರುಳಿನ ಒಳಗೆ ಪಾಲಿಪ್ ಅನ್ನೋ ಗಂಟು ಬೆಳೀತವೆ. ಒಳಗೊಳಗೇ ರಕ್ತ ಒಸರುತ್ತೆ. ಕೆಲವಕ್ಕೆ ಮುಂದೆ ಕ್ಯಾನ್ಸರೂ ಆಗಬಹುದು. ಮಲ ಕಪ್ಪಗೆ ಹೋಗುತ್ತಾ?"

"ಅದು ಮಾತ್ರೆಯಿಂದ ಅಂದ್ಕೊಂಡಿದ್ದೆ."

"ಮಾತ್ರೆಯಿಂದಲೂ ಆಗುತ್ತೆ. ಪರೀಕ್ಷೆ ಮಾಡಿಸ್ದೆ ಹೇಗೆ ಗೊತ್ತಾಗುತ್ತೆ?"

"ಪೈಪ್ ನುಂಗೋದು ನನ್ನ ಕೈಲಾಗಲ್ಲಮ್ಮ."

"ದಿನಾ ಬಾಯ್ತುಂಬ ಸೂಜಿ ಇಟ್ಕೊಳ್ಳೋರು ಪೈಪಿಗೆ ಹೆದರ್ತಾರಂತೆ!"

ಟೈಲರ್ ನಗಲಿಲ್ಲ. ಅವನಪ್ಪ ನಲವತ್ತು ದಾಟುವ ಮೊದಲೇ ಹೊಟ್ಟೆನೋವಿನಲ್ಲೇ ತೀರಿಕೊಂಡಿದ್ದರು. ಕಾರಣವನ್ನು ಯಾರೂ ಹುಡುಕಿರಲಿಲ್ಲ. ಅವನು ಮಗಳ ಕಡೆ ನೋಡಿದ.

"ನಾಳೆ ಇಬ್ಬರೂ ಬರ್ತೀವಿ."

ಎಂಡೋಸ್ಕೋಪಿಯಲ್ಲಿ ಟೈಲರ್‌ನ ಜಠರದಲ್ಲಿ ಹಲವು ಪಾಲಿಪ್ ಕಂಡವು. ದೊಡ್ಡದರಿಂದ ರಕ್ತ ಒಸರುತ್ತಿತ್ತು. ಮಂಪರಿನ ಮದ್ದು ಕೊಟ್ಟು, ಅದೇ ಕೊಳವೆಯೊಳಗಿಂದ ತಂತಿಯ ಕುಣಿಕೆ ಹಾಕಿ ಪಾಲಿಪ್‌ಗಳನ್ನು ತೆಗೆದರು, ಹೊಟ್ಟೆ ಕೊಯ್ಯಲಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಕರುಳಿನ ತಪಾಸಣೆಯೂ ಆಯಿತು. ವಂಶವಾಹಿ ಪರೀಕ್ಷೆ ಕಾಯಿಲೆಯನ್ನು ಖಚಿತಪಡಿಸಿತು. ಮಗಳ ಜಠರದಲ್ಲೂ ಒಂದು ಚಿಕ್ಕ ಪಾಲಿಪ್ ಸಿಕ್ಕಿತು. ಅದು ತೊಂದರೆ ಕೊಡುವ ಮೊದಲೇ ಹೊರಬಂತು. ಇನ್ನು ವೈದ್ಯರು ಹೇಳಿದ ಅವಧಿಗೆ ಇಬ್ಬರೂ ತಪ್ಪದೆ ತಪಾಸಣೆಗೆ ಹೋಗಬೇಕು.

ರಕ್ತ ಮತ್ತೆ ಮತ್ತೆ ಇಳಿಯುತ್ತಿದ್ದರೆ, ಮಲ ಕಪ್ಪಗಿದ್ದರೆ, ಹೊಟ್ಟೆನೋವು ಮರುಕಳಿಸುತ್ತಿದ್ದರೆ ಮಾತ್ರೆಯಲ್ಲೇ ಸಮಾಧಾನಪಡಬೇಡಿ; ಕಾರಣವೇನೆಂದು ವೈದ್ಯರನ್ನು ಕೇಳಿ. ಹೆತ್ತವರು, ಒಡಹುಟ್ಟಿದವರು ಯಾವ ಕಾಯಿಲೆಯಿಂದ ನರಳಿದರೆಂಬುದನ್ನೂ ಹೇಳಿ. ನಿಮ್ಮ ಆ ಒಂದು ಮಾತು ನಿಮ್ಮ ಮಕ್ಕಳ ಜೀವ ಉಳಿಸಬಹುದು.