ಲೆಯೋಕಾದಿಯ ಹಣೆಯ ಮಿಂಚುಹುಳ

ಬ್ರಿಸ್ಕೆ ಏದುಸಿರು ಬಿಡುತ್ತ ಬಾಚಣಿಗೆ ಕಾರ್ಖಾನೆಯ ಗೇಟು ಮುಟ್ಟುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. ಅವನ 'ಮಿಂಚುಹುಳ' ಕಂಪನಿಯ ಹಳೆಯ ಫಿಲಂಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಚಿತ್ರವನ್ನೆಲ್ಲ ಉಜ್ಜಿ ತೆಗೆದು, ಬಾಚಣಿಗೆ ಮಾಡಲು ಬೋಳು ಪಟ್ಟಿಗಳನ್ನು ರಾಶಿ ಹಾಕಿದ್ದರು. ಆ ರಾಶಿಯಲ್ಲಿ ಅವನ ಹೆಂಡತಿಯೂ ಇದ್ದಳು.

ತಪ್ಪು ಯಾರದು? ಅವನದೇ, ಇನ್ಯಾರದು! ಕಂಪನಿ ಮುಳುಗಿ ಗೋದಾಮು ಖಾಲಿ ಮಾಡುವಾಗ ಪುಣ್ಯಾತ್ಮ ಡಬ್ಬಿಗಳ ಮೇಲಿನ ಹೆಸರನ್ನೂ ಓದದೆ ಎಲ್ಲವನ್ನೂ ತೂಕಕ್ಕೆ ಹಾಕಿಬಿಟ್ಟಿದ್ದ. ಲೆಯೋಕಾದಿ ತೀರಿಕೊಂಡು ಆರು ವರ್ಷ. ಅವಳು ನಡೆದಾಡಿದ್ದು, ನಕ್ಕದ್ದು ಉಳಿದಿದ್ದು ಒಂದೇ ಒಂದು ಫಿಲಮಿನಲ್ಲಿ: ಎರಡು ನಿಮಿಷದ 'ಸೂಪಿನ ಜಗಳ'. ಅದು ನೆನಪಾದದ್ದು ಗಾಡಿ ಹೋದ ಮೂರನೆಯ ದಿನ.

ಅವನ ಬದುಕೇ ಹಾಗೆ. ಮೊಂತ್ರೈ ಊರಿನ ಒಂದು ಕುದುರೆ ಲಾಯದಲ್ಲಿ ಶುರುಮಾಡಿದ ಕಂಪನಿ ಆರೇ ವರ್ಷದಲ್ಲಿ ಇನ್ನೂರು ಜನಕ್ಕೆ ಅನ್ನ ಕೊಟ್ಟಿತು. ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ಚಿತ್ರ ತೋರಿಸುತ್ತ ತಿರುಗುವವರು ಬಾಗಿಲಲ್ಲಿ ಸಾಲುಗಟ್ಟಿ ನಿಂತು ಫಿಲಂ ಕೊಂಡರು. ಆಗೆಲ್ಲ ಫಿಲಂ ಮಾರುತ್ತಿದ್ದದ್ದು ಬಟ್ಟೆಯ ಹಾಗೆ, ಮೀಟರಿನ ಲೆಕ್ಕದಲ್ಲಿ. ನಾನೂರು ಫಿಲಂ ಅಳೆದು ಕೊಟ್ಟ ಬ್ರಿಸ್ಕೆ ಒಂದನ್ನಾದರೂ ಕೂತು ನೋಡಿದವನಲ್ಲ. "ಜವಳಿ ಅಂಗಡಿಯವನು ಸೀರೆ ಉಟ್ಕೊಂಡು ನೋಡ್ತಾನಾ?" ಅನ್ನುತ್ತಿದ್ದ. ಆಮೇಲೆ ದೊಡ್ಡ ಕಂಪನಿಗಳು ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡತೊಡಗಿದವು, ಜನ ಗಂಟೆಗಟ್ಟಲೆ ನಡೆಯುವ ಕತೆ ಕೇಳಿದರು. ಇವನ ಎರಡು ನಿಮಿಷದ ಜಗಳಗಳು ಯಾರಿಗೂ ಬೇಡವಾದವು.

ಕಾರ್ಖಾನೆಯಿಂದ ಅವನು ಕಾಲೆಳೆದುಕೊಂಡು ಹೋದದ್ದು ಓರ್ತಾನ್ಸಳ ಮನೆಗೆ. ಕಂಪನಿಯಲ್ಲಿ ಫಿಲಂಗಳಿಗೆ ಕುಂಚ ಹಿಡಿದು ಬಣ್ಣ ಹಚ್ಚುತ್ತಿದ್ದ ಹೆಂಗಸರ ಮೇಸ್ತ್ರಿ ಅವಳು.

"ಆ ಡೇರೆಯ ಪೆಲಿಸೂ ಹತ್ರ ಅದರದೊಂದು ನಕಲು ಇರ್ಬೇಕಲ್ಲ, ಯಜಮಾನ್ರೇ," ಅಂದಳು.

"ಆ ಕಳ್ಳನ ಹತ್ರ ನಾನು ಕೈಯೊಡ್ಡಬೇಕಾ?"

"ಕದ್ದಿದ್ದಕ್ಕೇ ತಾನೇ ಉಳಿದಿರೋದು?"

ಬ್ರಿಸ್ಕೆಯ ಸಂಕಟ ಬೇರೆಯೇ ಇತ್ತು. ಪೆಲಿಸೂನಂಥವರು ಫಿಲಂ ಕದ್ದು ನಕಲು ತೆಗೆಯುತ್ತಾರೆಂದೇ ಕಂಪನಿಯವರು ಪ್ರತಿ ದೃಶ್ಯದಲ್ಲೂ ಒಂದು ತಗಡಿನ ಮಿಂಚುಹುಳವನ್ನು ಕಾಣುವಂತೆ ಸಿಕ್ಕಿಸುತ್ತಿದ್ದರು. ಕಳ್ಳರೇನು ಕಡಿಮೆಯೇ! ಸೂಜಿ ಹಿಡಿದು ಕೂತು, ಒಂದೊಂದೇ ಚಿತ್ರದಲ್ಲಿ ಹುಳವನ್ನು ಕೆರೆದು ಹಾಕುತ್ತಿದ್ದರು. 'ಸೂಪಿನ ಜಗಳ' ತೆಗೆದ ದಿನ ಬ್ರಿಸ್ಕೆ ಮಿಂಚುಹುಳವನ್ನು ಸಿಕ್ಕಿಸಿದ್ದು ಲೆಯೋಕಾದಿಯ ತಲೆವಸ್ತ್ರಕ್ಕೆ, ಸರಿಯಾಗಿ ಹಣೆಯ ಮೇಲೆ.

"ರೀ, ನಾನೇನು ಹಸುವಾ, ಮುದ್ರೆ ಒತ್ತೋಕೆ?" ಎಂದು ರೇಗಿದ್ದಳು.

"ಸುಮ್ನಿರೇ, ಕಳ್ಳರಿಗೆ ಕಾಣ್ಲಿ!"

"ಆಯ್ತಪ್ಪಾ, ನಡೀರಿ," ಎಂದು ಅವನ ಬೆನ್ನು ತಟ್ಟಿ ಒಲೆಯ ಮುಂದೆ ಹೋಗಿ ನಿಂತಿದ್ದಳು. ತಡವಾಗಿ ಮನೆಗೆ ಬರುವ ಗಂಡನ ಪಾತ್ರ ಬ್ರಿಸ್ಕೆಯದೇ. ಸೌಟಿನ ಏಟು ತಪ್ಪಿಸಿಕೊಳ್ಳುವ ಭರದಲ್ಲಿ ಅವಳ ಮುಖ ನೋಡಲು ಪುರಸೊತ್ತೆಲ್ಲಿತ್ತು?

"ಹಣೆ ಕೆರೆದಿದ್ರೆ ಮುಖಾನೂ ಹೋಗಿರತ್ತೆ, ಓರ್ತಾನ್ಸ್."

ಅವಳು ನಗು ನುಂಗಿಕೊಂಡ ಹಾಗಿತ್ತು. "ಹೋಗಿ ನೋಡ್ಕೊಂಡು ಬನ್ನಿ," ಅಂದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಪೆಲಿಸೂನ ಡೇರೆ ವ್ಯಾನ್ಸೆನ್ ಊರಿನ ಜಾತ್ರೆಯಲ್ಲಿತ್ತು. ಬ್ರಿಸ್ಕೆಯನ್ನು ಕಂಡದ್ದೇ ಆಸಾಮಿ ಎರಡೂ ಕೈ ಮೇಲೆತ್ತಿದ.

"ಬನ್ನಿ ಸಾಹೇಬ್ರೇ! ಪೊಲೀಸ್ನೋರು ಹಿಂದೆ ಬರ್ತಿದಾರಾ?"

"ಒಬ್ನೇ ಬಂದಿದೀನಿ. 'ಸೂಪಿನ ಜಗಳ' ಇದೆಯಾ?"

"ಇಲ್ದೆ ಏನು! ಇವತ್ತಿಗೂ ಮಕ್ಕಳು ಬಿದ್ದು ಬಿದ್ದು ನಗ್ತಾರೆ."

"ಹುಳ ಕೆರೆದಿದೀಯಾ?"

"ಬಿಡ್ತೀನಾ? ಒಂದು ಚಿತ್ರಾನೂ ಬಿಟ್ಟಿಲ್ಲ. ಹನ್ನೊಂದು ದಿನ ಕೂತು ಕೆರೆದೆ, ಈ ಕನ್ನಡಕ ಬಂದಿದ್ದೇ ಅದ್ರಿಂದ!"

ಬ್ರಿಸ್ಕೆಗೆ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೂ ಬೆಂಚು ಹಿಡಿದು ಕುಳಿತ.

ಪರದೆಯ ಮೇಲೆ ಅಡುಗೆಮನೆ ಬಂತು. ಒಲೆಯ ಮುಂದಿದ್ದ ಹೆಂಗಸು ತಿರುಗಿದಳು. ಲೆಯೋಕಾದಿ! ಹಣೆ, ಹುಬ್ಬು, ಗಲ್ಲದ ಗುಳಿ, ಒಂದೂ ಮಾಸಿಲ್ಲ. ಹುಳ ಎಲ್ಲಿ ಹೋಯಿತು? ಅಷ್ಟರಲ್ಲಿ ಗಂಡ ಒಳಗೆ ಬಂದ, ಸೌಟು ಕಂಡು ಬೆನ್ನು ತಿರುಗಿಸಿದ. ತಿರುಗಿಸಿದ್ದೇ ತಡ, ಅವನಿದ್ದ ಜಾಗದಲ್ಲಿ ಬೆಳ್ಳಗಿನ ಗೀಚು ಕುಣಿಯತೊಡಗಿತು. ಭುಜ, ಕುತ್ತಿಗೆ, ತಲೆಯ ಅರ್ಧ, ಎಲ್ಲ ಮಾಯ! ಲೆಯೋಕಾದಿ ಆ ಬಿಳಿ ಗೀಚಿನ ಹಿಂದೆ ಸೌಟು ಬೀಸುತ್ತ, ಹೊಟ್ಟೆ ಹಿಡಿದು ನಗುತ್ತ ಓಡಿದಳು. ಡೇರೆಯ ಮಕ್ಕಳೆಲ್ಲ ಕೇಕೆ ಹಾಕಿದರು.

ಬೆನ್ನು ತಟ್ಟಿದ್ದು! ಅಯ್ಯೋ ಕಿಲಾಡಿ! ತಟ್ಟುವ ನೆಪದಲ್ಲಿ ಹಣೆಯ ಹುಳವನ್ನು ಕಿತ್ತು ಅವನ ಬೆನ್ನಿಗೇ ಸಿಕ್ಕಿಸಿಬಿಟ್ಟಿದ್ದಳು. ಇಡೀ ಕಂಪನಿಗೆ ಗೊತ್ತಿತ್ತು, ಒಂದು ದಿನವೂ ಕೂತು ನೋಡದ ಯಜಮಾನನೊಬ್ಬನನ್ನು ಬಿಟ್ಟು. ಬ್ರಿಸ್ಕೆ ಕಣ್ಣೀರು ಸುರಿಯುತ್ತಿದ್ದರೂ ಮಕ್ಕಳಿಗಿಂತ ಜೋರಾಗಿ ನಕ್ಕ.

ಪೆಲಿಸೂ ಹೆದರಿಕೊಂಡೇ ಹತ್ತಿರ ಬಂದ. "ಸಿಟ್ಟು ಮಾಡ್ಕೋಬೇಡಿ ಸಾಹೇಬ್ರೇ. ಹುಳ ನಿಮ್ಮ ಮೇಲೇ ಇತ್ತಲ್ಲ, ಕೆರೆದೂ ಕೆರೆದೂ ನಿಮ್ಮನ್ನೇ ಅಳಿಸಿಬಿಟ್ಟೆ."

"ಒಳ್ಳೇ ಕೆಲಸ ಮಾಡಿದೆ ಮಾರಾಯ," ಎಂದು ಬ್ರಿಸ್ಕೆ ಕಣ್ಣೊರೆಸಿಕೊಂಡ. "ಅವಳು ಇದಾಳಲ್ಲ, ಸಾಕು. ಇನ್ನೊಂದು ಸಲ ಹಾಕು."