ಎರಡು ಬಿಳಿ ಕೂದಲು

"ಹುಟ್ಟು ಗುಣ ಹೂತ್ರೂ ಹೋಗಂಗಿಲ್ಲ ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು?" ಎನ್ನುತ್ತ ಮರಿಲಿಂಗಪ್ಪ ಅಕ್ಕನ ಗದ್ದದ ಕೆಳಗಿಂದ ಬಿಳಿ ಅರಿವೆಯ ಪಟ್ಟಿಯನ್ನು ತಂದು ನೆತ್ತಿಯ ಮೇಲೆ ಮೂರನೆಯ ಸಲ ಬಿಗಿದ. "ಬದುಕಿದ್ದಾಗ ಒಂದಿನ ಮುಚ್ಚಲಿಲ್ಲ ಈ ಬಾಯಿ. ಈಗೂ ಒಲ್ಲೆ ಅಂತದ ನೋಡ್ರಿ."

"ಸುಟ್ರೂ ಹೋಗಂಗಿಲ್ಲ ಅಂತ ಅದ ಕಾಕಾ ಗಾದಿಮಾತು," ಹಿಂದಿನಿಂದ ಯಾರೋ ತಿದ್ದಿದರು.

"ನಮ್ಮಲ್ಲಿ ಸುಡ್ತಾರೇನಲೇ? ಹೂಳೋ ಮಂದಿಗೆ ಹೂಳೋ ಗಾದಿನ ಬೇಕು. ಇಕಿದು ಒಂದು ಖರೇ ಕತಿ ಹೇಳ್ತೀನಿ ಕೇಳ್ರಿ. ಸುಳ್ಳಾದ್ರ ಈ ಹೊಳಿ ನನ್ನ ನುಂಗಲಿ. ಸಣ್ಣಾಕಿದ್ದಾಗ ಇಕಿ..."

ಅವನು ಪಟ್ಟಿಯ ಗಂಟನ್ನು ಇನ್ನೊಮ್ಮೆ ಎಳೆದ. ಕತೆ ಅಲ್ಲಿಗೇ ನಿಂತಿತು.

ಹಣಮಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸುರಪುರದಿಂದ ತರಿಸಿದ ಹೂವಿನ ಸರ. ಎಷ್ಟು ಬಿಗಿದರೂ ತುಟಿ ಒಂದಿಷ್ಟು ತೆರೆದೇ ಇತ್ತು. ಒಳಗೆ ಸವೆದ ಮುಂದಿನ ಹಲ್ಲು, ಅದರ ಬುಡಕ್ಕೆ ಒಸಡಿನಗುಂಟ ಸೀಸಕಡ್ಡಿಯಿಂದ ಎಳೆದಂಥ ನೀಲಿ ಗೆರೆ.

"ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ಒಸಡ ಹ್ಯಾಂಗ ಮಾಡ್ಕೊಂಡಾಳ," ಎಂದಳು ಕೆಂಭಾವಿಯಿಂದ ಮಣ್ಣಿಗೆ ಬಂದಿದ್ದ ಹಣಮಮ್ಮನ ನಾದಿನಿ ರೇಣಮ್ಮ.

"ನಮ್ಮತ್ತಿ ಮಿಶ್ರಿ ಮುಟ್ಟತಿದ್ದಿಲ್ಲ," ಎಂದಳು ಸೊಸೆ ಪರಿಮಳಾ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಹೆಣದ ಮಗ್ಗುಲಿಗೆ ಪರಿಮಳಾಳ ಒಂಬತ್ತು ವರ್ಷದ ಮಗಳು ಮೋನವ್ವ ಕೂತಿದ್ದಳು. ಮೌನೇಶ್ವರನ ಹೆಸರು ಇಟ್ಟ ತಪ್ಪಿಗೋ ಏನೋ ಮಗಳು ತನ್ನ ಮಾತು ಆಡಲೇ ಇಲ್ಲ ಎಂದು ಊರವರು ಅಂದುಕೊಂಡಿದ್ದರು. ಆಡುವುದೆಲ್ಲ ಬೇರೆಯವರ ಮಾತು. ಕೇಳಿದ್ದನ್ನು ಕೇಳಿದ ಹಾಗೇ, ಅವರವರ ದನಿಯಲ್ಲೇ, ತಿಂಗಳು ಕಳೆದು ವರ್ಷ ಕಳೆದು ಹೇಳುವಳು. ಈಗಲೂ ಗೋಡೆಯನ್ನು ಬೆರಳಿನಿಂದ ತಟ್ಟುತ್ತ ಕಂಡಕ್ಟರನ ಗೊಗ್ಗರು ದನಿಯಲ್ಲಿ, "ಸುರಪುರ, ಸುರಪುರ, ಸುರಪುರ, ಹಿಂದ ಸರೀರಿ, ಚಿಲ್ಲರ ತಗೀರಿ," ಎನ್ನುತ್ತಿದ್ದಳು.

ಅಜ್ಜಿಯೂ ಅದೇ ಕಂಡಕ್ಟರನನ್ನು ಅಣಕಿಸುತ್ತಿದ್ದಳು. ದವಾಖಾನೆಯ ಡಾಕ್ಟರನನ್ನು, ಮತ ಕೇಳಲು ಬಂದವರನ್ನು, ಮರಿ ಕಳಕೊಂಡ ಆಡನ್ನು ಕೂಡ. ಅಜ್ಜಿ ದನಿ ಕದ್ದು ಹಂಚುವವಳು. ಮೊಮ್ಮಗಳು ಕದ್ದದ್ದನ್ನು ಜೋಪಾನ ಮಾಡುವವಳು.

"ಒಂದು ಮಾತಿಗೆ ಹೇಳ್ತೀನಿ," ರೇಣಮ್ಮ ಪಕ್ಕದವಳ ಕಿವಿಯಲ್ಲಿ ಎಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು, "ಕೂಸಿನ ಮೈಯಾಗಿಂದು ವಿಷ ತೆಗದಾಕಿ ನಮ್ಮ ಹಣಮಕ್ಕನ. ಹೆತ್ತಾಕಿ ತುಂಬಿದ್ದು, ಅತ್ತಿ ದುಡದು ಹಾಕಿ ತೆಗದದ್ದು."

ಪರಿಮಳಾ ತಲೆ ಎತ್ತಲಿಲ್ಲ. ಎರಡು ವರ್ಷದಿಂದ ಆ ಮಾತು ಅವಳ ಬೆನ್ನ ಮೇಲೆಯೇ ಇತ್ತು. ಇವತ್ತು ಹೊಸದಾಗಿ ಯಾರೂ ಹೇರಬೇಕಾಗಿರಲಿಲ್ಲ.

ಅಷ್ಟರಲ್ಲಿ ಶಹಾಪುರದ ಬಸ್ಸಿನಿಂದ ಇಳಿದ ಸವಿತಾ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹೆಗಲಿನ ಚೀಲ ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

"ಬರ್ರಿ ಮೇಡಂ," ಎಂದ ಹಣಮಮ್ಮನ ಮಗ ದೇವಿಂದ್ರ. "ನಿಮ್ಮ ಅಣಕ ಮಾಡಾಕಿ ಹೋದ್ಲ್ರೀ."

*

ಎರಡು ವರ್ಷದ ಹಿಂದೆ ಸವಿತಾ ಮೊದಲ ಸಲ ಈ ಮನೆಗೆ ಬಂದದ್ದು ಒಂದು ಸಂಶೋಧನೆಯ ಕೆಲಸಕ್ಕೆ. ಯಾದಗಿರಿ, ಶಹಾಪುರ, ಸುರಪುರದ ಸುತ್ತ ಆಟಿಸಂ ಇರುವ ಮಕ್ಕಳು ಏನು ಉಣ್ಣುತ್ತಾರೆ, ಅವರ ಮೈಯಲ್ಲಿ ಸೀಸ, ಪಾದರಸದಂಥ ಲೋಹ ಎಷ್ಟು ಸೇರಿದೆ ಎಂದು ನೋಡುವ ಕೆಲಸ. ಊಟದ ವಿವರ ಬರೆದುಕೊಂಡು, ಕುತ್ತಿಗೆಯ ಹಿಂದಿನ ಒಂದು ಚಿಟಿಕೆ ಕೂದಲನ್ನು ಲಕೋಟೆಯಲ್ಲಿ ಒಯ್ಯಬೇಕು.

ಕತ್ತರಿ ಕಂಡೊಡನೆ ಮೋನವ್ವ ಓಣಿಯೇ ಸೇರುವಂತೆ ಚೀರಿದಳು. ಪರಿಮಳಾ ಆಗ ಕಡೇಚೂರಿನ ಒಂದು ಕಾರ್ಖಾನೆಯಲ್ಲಿದ್ದಳು. ಅಲ್ಲೇ ನಾಲ್ಕು ಹೆಂಗಸರ ಜೊತೆ ಒಂದು ಖೋಲಿ, ವಾರಕ್ಕೊಮ್ಮೆ ಊರು. ಸವಿತಾ ಲಕೋಟೆಯನ್ನು ಹಣಮಮ್ಮನ ಕೈಯಲ್ಲಿಟ್ಟು, ಸಮಾಧಾನ ಇದ್ದಾಗ ಕತ್ತರಿಸಿಡಿ ಎಂದು ಹೇಳಿ ಹೋದಳು. ಮರುವಾರ ಬಂದಾಗ ಲಕೋಟೆ ತಯಾರಾಗಿತ್ತು.

ಎರಡು ತಿಂಗಳಿಗೆ ಕಾಗದ ಬಂತು. ಅವತ್ತು ಪರಿಮಳಾ ಊರಲ್ಲಿದ್ದಳು. ಸವಿತಾ ಕೆಲಸದ ಹೊತ್ತಿನಲ್ಲಿ ಪುಸ್ತಕದ ಕನ್ನಡ ಆಡುವವಳು. "ನೋಡಿ ಅಮ್ಮ, ಗಾಬರಿ ಆಗಬೇಡಿ. ಕೂದಲಿನಲ್ಲಿ ಸೀಸ ಬಹಳ ಜಾಸ್ತಿ ಬಂದಿದೆ. ಮಗು ಹೀಗಿರುವುದು ಇದರಿಂದಲೇ ಅಂತ ನಾನು ಹೇಳ್ತಾ ಇಲ್ಲ, ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಆದರೆ ಸೀಸ ಯಾವ ಮೈಗೂ ಒಳ್ಳೆಯದಲ್ಲ. ಎಲ್ಲಿಂದ ಬರ್ತಿದೆ ಹುಡುಕಬೇಕು. ಹಳೇ ಬ್ಯಾಟರಿ ಇರಬಹುದು, ಸುರ್ಮಾ, ಗೋಡೆ ಬಣ್ಣ, ಬಟ್ಟೆಗೆ ಅಂಟಿ ಬರೋ ಕಾರ್ಖಾನೆ ಧೂಳು, ಮೀನಿನ ಬಲೆಗೆ ಕಟ್ಟೋ ಗುಂಡು..."

ಪರಿಮಳಾಳ ಕಿವಿ ನಾಲ್ಕನೆಯದಕ್ಕೇ ಮುಚ್ಚಿತು. ಐದನೆಯದು ಅವಳಿಗೆ ಕೇಳಲೇ ಇಲ್ಲ. "ನನ್ನ ಸೀರಿಯಾಗ ಕೂಸಿನ ಮಾರಿ ಒರಸ್ತಿದ್ದೆನಲ್ಲೋ ಯಪ್ಪಾ," ಎಂದು ಹಣೆ ಹಣೆ ಬಡಿದುಕೊಂಡಳು.

ಹಣಮಮ್ಮ ತಟ್ಟನೆ ಎದ್ದು ನಿಂತಳು. ಬಲೆಯ ತುಂಡೊಂದನ್ನು ಓಢಣಿಯಂತೆ ಹೆಗಲಿಗೆ ಹಾಕಿಕೊಂಡು, ಇಲ್ಲದ ಕನ್ನಡಕ ಏರಿಸಿ, ಥೇಟು ಸವಿತಾಳ ದನಿ ತೆಗೆದಳು: "ನೋಡಿ ಅಮ್ಮ, ಗಾಬರಿ ಆಗಬೇಡಿ. ಆ ಕೂದಲು ಮಗುವಿನದ್ದಲ್ಲ, ಮುದುಕಿಯದ್ದು. ಸೀಸ ಇರುವುದು ಮುದುಕಿಗೆ. ದಿನಾ ಎರಡು ಮೊಟ್ಟೆ ಮುದುಕಿಗೆ ಕೊಡಿ."

ದೇವಿಂದ್ರ ನಕ್ಕ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಸೇನಬೀ ನಕ್ಕಳು. ಸವಿತಾಳಿಗೂ ತಡೆಯಲಾಗಲಿಲ್ಲ.

ಪರಿಮಳಾ ಮಾತ್ರ ನಗಲಿಲ್ಲ. "ಎಲ್ಲಾದಕ್ಕೂ ನಗಚಾಟಿಕಿನ ಏನ್ರಿ ಅತ್ತಿ ನಿಮಗ? ನನ್ನ ಕೂಸಿನ ಜೀಂವ ಹೊಂಟದ ಇಲ್ಲಿ!"

ಹಣಮಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಒಂದು ಗಳಿಗೆ ನಿಂತಿತು. "ಖರೇನ ಹೇಳಿದ್ನೆವ್ವಾ," ಎಂದಳು, ತನ್ನದೇ ದನಿಯಲ್ಲಿ. ಆ ದನಿಯನ್ನು ಯಾರೂ ನಂಬುವ ರೂಢಿ ಇರಲಿಲ್ಲ. ಅವಳು ಹೆಗಲಿನ ಬಲೆ ಇಳಿಸಿ ಮಡಚಿಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ.

ಪರಿಮಳಾ ಕೆಲಸ ಬಿಟ್ಟಳು. ಸವಿತಾ ಬರೆದುಕೊಟ್ಟಂತೆ ಮೋನವ್ವನಿಗೆ ಮೊಟ್ಟೆ, ಶೇಂಗಾ, ರಾಜಗಿರಿ ಸೊಪ್ಪು, ಸಜ್ಜೆ ರೊಟ್ಟಿ. ಮೊದಮೊದಲು ಬಿಳಿ ಅನ್ನ ಬಿಟ್ಟರೆ ಏನೂ ಮುಟ್ಟದ ಹುಡುಗಿ, ತಾಯಿ ದಿನವಿಡೀ ಎದುರಿಗೆ ಕೂತು ತಿನ್ನುತ್ತ ತೋರಿಸಿದ ಮೇಲೆ ಒಂದೊಂದೇ ತುತ್ತು ಇಸಿದುಕೊಳ್ಳತೊಡಗಿದಳು. ಆರು ತಿಂಗಳಿಗೆ ಸುರಪುರದಲ್ಲಿ ಮೂವರು ಹಿಡಿದು ರಕ್ತ ತೆಗೆಸಿದರು. ಸೀಸ ಇಲ್ಲವೆನ್ನುವಷ್ಟೇ ಇತ್ತು.

"ನೀ ಬಿಟ್ಟಿ, ಕೂಸು ಉಳೀತು," ಎಂದ ದೇವಿಂದ್ರ. ಪ್ರೀತಿಯಿಂದಲೇ ಅಂದದ್ದು. ಅದು ಪರಿಮಳಾಳಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮನೆಗೆ ಒಂದು ಸಂಬಳ ಕಡಿಮೆಯಾಯಿತು. ಹಣಮಮ್ಮ ದಂಡೆಯ ಎಲ್ಲ ಮನೆಗಳ ಬೀಸುಬಲೆಗಳನ್ನೂ ಹೆಣೆಯಲು ಹಿಡಿದಳು. ಮೊದಲು ಪಡಸಾಲೆಯಲ್ಲೇ ಕೂಡುತ್ತಿದ್ದವಳು ಈಗ ಬಲೆ, ಸೀಸದ ಗುಂಡಿನ ಡಬ್ಬಿ ಎತ್ತಿಕೊಂಡು ಹೊಳೆ ದಂಡೆಯ ಬೇವಿನ ಗಿಡಕ್ಕೆ ಹೋದಳು. ಸಂಜೆ ಬರುವಾಗ ಮೈ ತೊಳೆದು, ಸೀರೆ ಬದಲಿಸಿ ಹೊಸ್ತಿಲು ತುಳಿಯುವಳು.

"ಮುದುಕಿಗೆ ಮಡಿ ಹತ್ಯಾದ ಈಗ," ಎಂದು ಮನೆಯವರು ನಗುತ್ತಿದ್ದರು.

ಆಗಾಗ ಹೊಟ್ಟೆ ಹಿಂಡಿ ನೆಲಕ್ಕೆ ಕುಸಿಯುವಳು. "ಒಳಗ ಬಾಳಿಮೀನು ಹೊಳ್ಳಾಕತ್ತದ, ಬಲಿ ತರ್ರಿ," ಎನ್ನುವಳು. ಗ್ಯಾಸಿನ ಗುಳಿಗೆ ಕೊಟ್ಟರು. ಬಲಗೈಯ ಮಣಿಕಟ್ಟು ಜೋತುಬಿದ್ದಾಗ ಅದನ್ನೇ ಸೊಂಡಿಲು ಮಾಡಿ ಆನೆಯಾಗಿ ಮೋನವ್ವನನ್ನು ಹೆದರಿಸಿದಳು. ವಯಸ್ಸು ಎಂದರು ಎಲ್ಲರೂ. ಅರವತ್ತು ಇನ್ನೂ ತುಂಬಿರಲಿಲ್ಲ.

*

"ಹೊತ್ತಾತು, ಅರಿವಿ ಹರೀರಿ," ಮರಿಲಿಂಗಪ್ಪ ಕೂಗಿದ. "ಹೂಳೋ ಕುಣಿ ತಯಾರದ ಅಂತ ಹೇಳಿ ಕಳಿಸ್ಯಾರ."

ಹುಸೇನಬೀ ತನ್ನ ಹೊಲಿಗೆ ಯಂತ್ರದ ದೊಡ್ಡ ಕತ್ತರಿ ತಂದಿದ್ದಳು. ಅಂಗಳದಲ್ಲಿ ಹೊಸ ಬಿಳಿ ಅರಿವೆ ಬಿಚ್ಚಿ ಹಾಸಿ, ಒಂದು ತುದಿ ದೇವಿಂದ್ರನಿಗೆ ಕೊಟ್ಟು ಕತ್ತರಿ ಇಟ್ಟಳು. ಕಚಕ್. ಕಚಕ್.

"ಅಯ್ಯ, ಕೂಸು ಇಲ್ಲೇ ಅದ!" ಪರಿಮಳಾ ಎದ್ದು ಓಡಿದಳು. ಕತ್ತರಿಯ ಸದ್ದಿಗೆ ಮೋನವ್ವ ಚೀರಿ ಗೋಡೆಗೆ ಹಣೆ ಗುದ್ದಿಕೊಳ್ಳುವುದು ಎಲ್ಲರಿಗೂ ಗೊತ್ತು.

ಮೋನವ್ವ ಚೀರಲಿಲ್ಲ. ಗೋಡೆ ತಟ್ಟುವುದು ನಿಲ್ಲಿಸಿ, ಕತ್ತರಿಯನ್ನೇ ನೋಡುತ್ತ ಬಾಯಿ ತೆರೆದಳು. ಬಂದದ್ದು ಹಣಮಮ್ಮನ ದನಿ. ಸವೆದ ಹಲ್ಲಿನ ಸಂದಿಯಿಂದ ಸುಯ್ ಎಂದು ಗಾಳಿ ಜಾರುವುದೂ ಸೇರಿ.

"ಅಳಬ್ಯಾಡ ನನ್ನವ್ವ, ನಿಂದು ಬ್ಯಾಡ ಬಿಡು. ನಂದು ಹಾಕ್ತೀನಿ ಲಕೋಟಿಗೆ. ಕೂಸಿನ ಕೂದ್ಲ ಕಂಡೋರ ಕೈಯಾಗ ಯಾಕ ಕೊಡಬೇಕು? ಮುಪ್ಪಿನ ಕೂದಲಿಗಿ ಯಾರ ಮಾಟಾನೂ ಹತ್ತಂಗಿಲ್ಲ. ಕಚಕ್! ಕಚಕ್! ತಡಿ, ಬಿಳೀವು ಆರಿಸಿ ತೆಗೀತೀನಿ. ಆ ಮೇಡಂನ ಕಣ್ಣು ಭಾಳ ಚುರುಕ ಅವ."

ಅಂಗಳದಲ್ಲಿ ಕತ್ತರಿ ಅರ್ಧಕ್ಕೆ ನಿಂತಿತು. ರೇಣಮ್ಮ ಎರಡು ಹೆಜ್ಜೆ ಹಿಂದೆ ಸರಿದು ಹೆಣದ ಬಾಯಿ ನೋಡಿದಳು. ಕಟ್ಟು ಬಿಗಿಯಾಗಿಯೇ ಇತ್ತು.

"ಯಾವ ಲಕೋಟಿ?" ಎಂದ ಮರಿಲಿಂಗಪ್ಪ.

ಉತ್ತರ ಕೊಟ್ಟವಳು ಸವಿತಾ. ಪುಸ್ತಕದ ಕನ್ನಡ ಅವಳ ಬಾಯಿಂದ ಬಿದ್ದುಹೋಗಿತ್ತು. "ಎರಡು ಬಿಳಿ ಕೂದ್ಲ ಉಳಿದಿದ್ವು," ಎಂದಳು. "ಆ ಲಕೋಟಿಯಾಗ. ಏಳು ವರ್ಷದ ಕೂಸಿಗೆ ಬಿಳಿ ಕೂದ್ಲ ಯಾಕ ಅಂತ ನಾನ ಕುಂತು ವಿಚಾರ ಮಾಡಿ, ಪೌಷ್ಟಿಕ ಕೊರತಿ ಅಂತ ಬರದೀನ್ರಿ. ಅದಕ್ಕ ಮೊಟ್ಟಿ ಹೆಚ್ಚು ಮಾಡಿಸಿದ್ದೆ."

"ಹಂಗಂದ್ರ ಕೂಸಿಗೆ..." ದೇವಿಂದ್ರ ಮಗಳ ಕಡೆ ತಿರುಗಿದ.

"ಆವತ್ತು ಕಾಗದದಾಗ ಇದ್ದದ್ದು ಕೂಸಿನ ಸೀಸ ಅಲ್ಲ. ನಿಮ್ಮವ್ವಂದು."

ಹುಸೇನಬೀ ಕತ್ತರಿಯನ್ನು ನೆಲಕ್ಕಿಟ್ಟಳು. "ಹೊಳಿ ದಂಡಿಗೆ ಕುಂತು ಒಂದೊಂದು ಗುಂಡೂ ಹಲ್ಲಿಲೇ ಕಚ್ಚಿ ಬಲಿಗೆ ಕೂಡಸ್ತಿದ್ಲು. ಇಕ್ಕಳ ತಂದು ಕೊಡ್ತೀನಕ್ಕಾ ಅಂದ್ರ, ಹಲ್ಲಿಗಿರೋ ಹದ ಇಕ್ಕಳಕ್ಕ ಬರಂಗಿಲ್ಲ ಅಂತಿದ್ಲು. ನಲವತ್ತು ವರ್ಷ ಹಂಗ ಮಾಡ್ಯಾಳ. ಇತ್ತಿತ್ಲಾಗ ಸಂಜಿಗೆ ಎದ್ದು ಹೊಳಿ ನೀರಿಲೇ ಬಾಯಿ ತೊಳೀತಿದ್ಲು, ತೊಳೀತಿದ್ಲು... ಎಷ್ಟ ತೊಳೀತಿಯಕ್ಕಾ ಅಂತ ಕೇಳಿದೆ. ಮನಿಗೆ ಹೋಗಿ ಕೂಸಿಗೆ ಮುತ್ತು ಕೊಡಬೇಕಲ್ಲವ್ವಾ ಅಂದ್ಲು."

ಸವಿತಾ ಹತ್ತಿರ ಬಂದು, ಹಣಮಮ್ಮನ ತುಟಿಯ ಸಂದಿಯ ನೀಲಿ ಗೆರೆಯ ಮುಂದೆ ಮೊಣಕಾಲೂರಿದಳು.

"ಏನ್ರಿ ಮೇಡಂ, ಅದರಿಂದನ ಹೋದ್ಲೇನು ನಮ್ಮಕ್ಕ?" ಮರಿಲಿಂಗಪ್ಪ ಕೇಳಿದ.

"ಈ ನೀಲಿ ಗೆರಿ ಸೀಸದ್ದ ಖರೆ, ಆದ್ರ ಅದರಿಂದನ ಹೋದ್ಲು ಅಂತ ಈಗ ಹೇಳಾಕ ಬರಂಗಿಲ್ರಿ ಯಪ್ಪಾ. ಎರಡು ವರ್ಷ ಈ ಮನಿಗೆ ಬಂದು ಹೋದೆ. ಕೂಸಿನ ಉಗುರು ನೋಡಿದೆ, ಹಲ್ಲು ನೋಡಿದೆ, ತೂಕ ನೋಡಿದೆ. ಇಕಿ ಬಾಯಿ ಒಮ್ಮಿನೂ ನೋಡ್ಲಿಲ್ಲ. ಬರೇ ನಕ್ಕು ಹೋದೆ."

ಪರಿಮಳಾ ಮಗಳ ಭುಜ ಹಿಡಿದು ನಿಂತಲ್ಲೇ ನಿಂತಿದ್ದಳು. ಮಡಿ, ಮೈ ತೊಳೆಯುವುದು, ಬೇವಿನ ಗಿಡ, ಹೊಟ್ಟೆಯೊಳಗಿನ ಬಾಳಿಮೀನು, ಆನೆಯ ಸೊಂಡಿಲು, ಎಲ್ಲ ಒಂದರ ಹಿಂದೊಂದು ಬಂದು ಅವಳ ಮುಂದೆ ಸಾಲಾಗಿ ಕೂತವು. ಕೊನೆಗೆ ಬಲೆಯ ಓಢಣಿ ಹೊದ್ದ ಅತ್ತೆ ಬಂದಳು, ಇಲ್ಲದ ಕನ್ನಡಕ ಏರಿಸಿದಳು.

ಅವಳು ಹೋಗಿ ಅತ್ತೆಯ ನೆತ್ತಿಯ ಮೇಲಿನ ಗಂಟಿಗೆ ಕೈ ಹಾಕಿದಳು.

"ಏ, ಹಂಗ ಬಿಚ್ಚಬಾರದವ್ವಾ," ಎಂದ ಮರಿಲಿಂಗಪ್ಪ.

"ಇರ್ಲಿ ಮಾವ. ಒಂದು ಮಾತು ಅರ್ಧಕ್ಕ ನಿಂತದ ಆಕಿದು."

ಪಟ್ಟಿ ಸಡಿಲಾಯಿತು. ಹಣಮಮ್ಮನ ಗದ್ದ ಮೆಲ್ಲಗೆ ಇಳಿದು, ಎಲ್ಲರೂ ಬಲ್ಲ ಆ ಬಾಯಿ ತೆರೆದುಕೊಂಡಿತು.

"ಮುದುಕಿಗೆ ಮೊಟ್ಟೆ ಕೊಡಿ ಅಂದಿದ್ರಲ್ಲ ಅತ್ತಿ..." ಎಂದಳು ಪರಿಮಳಾ. "ದಿನಾ ಎರಡು ಅಂದಿದ್ರಿ..." ಅಷ್ಟು ಹೇಳುವುದರೊಳಗೆ ಅವಳ ಹೊಟ್ಟೆಯಿಂದ ಏನೋ ಉಕ್ಕಿತು. ಅಳು ಎಂದುಕೊಂಡು ರೇಣಮ್ಮ ಹಿಡಿಯಲು ಕೈಚಾಚಿದಳು. ಅದು ನಗು.

ಅಮ್ಮನ ನಗು ಕೇಳಿ ಮೋನವ್ವ ನಕ್ಕಳು, ಅಜ್ಜಿಯ ನಗು, ಹಲ್ಲಿನ ಸಂದಿಯ ಸುಯ್ಲಿನ ಸಮೇತ. ದೇವಿಂದ್ರ ಅರಿವೆಯ ತುದಿ ಹಿಡಿದುಕೊಂಡೇ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಹುಸೇನಬೀ ಸೆರಗು ಕಚ್ಚಿದಳು. ಮರಿಲಿಂಗಪ್ಪ, "ಹೇಳಿದ್ನೆಲ್ಲ, ಹೂತ್ರೂ ಹೋಗಂಗಿಲ್ಲ," ಎನ್ನುತ್ತ ಮೂಗು ಒರೆಸಿದ. ಹೆಣ ಹೊರಲು ಬಂದವರು ಬಾಗಿಲಲ್ಲೇ ನಿಂತರು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಪರಿಮಳಾ. ನಗುತ್ತಲೇ ಅವಳು ತಂಬಿಗೆಯ ಹೊಳೆನೀರಿನಲ್ಲಿ ಸೆರಗಿನ ತುದಿ ಅದ್ದಿದಳು, ಆ ನೀಲಿ ಗೆರೆಯನ್ನು ಒರೆಸಿದಳು, ಮತ್ತೆ ಅದ್ದಿದಳು, ಮತ್ತೆ ಒರೆಸಿದಳು.