ಐದನೆಯ ಕಲ್ಲು

ಕೋಗಿಲಬನದ ಹತ್ತಿರ ಕಾಳಿ ಹೊಳೆಯ ಮಧ್ಯೆ ಒಂದು ಸಣ್ಣ ನಡುಗಡ್ಡೆ. ಮಳೆಗಾಲ ಕಳೆದು ನೀರು ಮೊಣಕಾಲಿಗೆ ಇಳಿದ ಮೇಲೆ ಸಿದ್ದಕ್ಕ ಅದರ ಅಂಚಿನಲ್ಲಿ ಸೌತೆ, ಮೂಲಂಗಿ ಹಾಕುತ್ತಿದ್ದಳು. ಗಂಡ ಯಲ್ಲಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕು ಧಾರವಾಡದ ಕಡೆಯಿಂದ ಬಂದು ನಾಲ್ಕು ವರ್ಷವಾಗಿತ್ತು. ಇರುವ ಚಾಳು ಮಿಲ್ಲಿನದು, ಪಗಾರ ಗಂಡನದು. ಈ ನಾಲ್ಕು ಮಡಿ ಮಾತ್ರ ತನ್ನದು ಎಂದು ಅವಳಿಗೆ ಅನ್ನಿಸುತ್ತಿತ್ತು, ಅದಕ್ಕೆ ಕಾಗದಪತ್ರ ಯಾವುದೂ ಇರದಿದ್ದರೂ.

ಪ್ರತಿ ಮಳೆಗಾಲ ಹೊಳೆ ಆ ಅಂಚನ್ನು ಇಷ್ಟಿಷ್ಟೇ ಕೊರೆಯುತ್ತಿತ್ತು. ಆ ವರ್ಷ ನಡುಗಡ್ಡೆ ಉಳಿಸಲು ಸರ್ಕಾರ ದುಡ್ಡು ಮಂಜೂರು ಮಾಡಿತು. ಸುತ್ತ ಕಲ್ಲಿನ ಒಡ್ಡು, ಒಳಗೆ ಬಿದಿರು, ಲಾವಂಚ. ದಂಡೆಯ ಹೆಂಗಸರೆಲ್ಲ ಕುಡಿಯಲು ನೀರು ಒಯ್ಯುತ್ತಿದ್ದ ನಡುಗಡ್ಡೆಯ ನಡುವಿನ ಒರತೆಗೆ ಹೊಳೆಯ ರಾಡಿ ನುಗ್ಗಬಾರದು. ಒಡ್ಡಿನೊಳಗೆ ಯಾರೂ ಬೆಳೆ ತೆಗೆಯುವಂತಿಲ್ಲ. ಓವರ್‌ಸಿಯರ್ ಶಂಕ್ರಪ್ಪ ಬಂದು ಅಳೆದು, ಒಡ್ಡು ಬರುವಲ್ಲೆಲ್ಲ ಸುಣ್ಣ ಬಳಿದ ಕಲ್ಲು ಇಟ್ಟು ಹೋದ. ಒಂದು ಕಲ್ಲು ಸಿದ್ದಕ್ಕನ ಮಡಿಗಳ ಪಕ್ಕದಲ್ಲೇ ಕೂತಿತು. ಮಡಿಗಳು ಒಡ್ಡಿನೊಳಗೆ ಸೇರಿ ಹೋಗುವುದು ಖಚಿತ; ಎಲ್ಲವೂ ಹೋಗುತ್ತವೋ, ಎರಡೋ ಮೂರೋ, ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಅದಾದ ಎರಡು ವಾರಕ್ಕೆ ಮಗಳು ಸುಶೀಲವ್ವನ ಬಾಣಂತನದ ದಿನ ಕಳೆದು ಒರತೆಯ ಬಳಿ ಗಂಗವ್ವನ ಪೂಜೆ. ಗಂಗವ್ವ ಎಂದು ನಿಲ್ಲಿಸಲು ಐದು ಕಲ್ಲು ಬೇಕು, ನಾಲ್ಕು ಸಿಕ್ಕಿದ್ದವು.

"ಇನ್ನೊಂದು ಲಗೂನ ತಾ ಸಿದ್ದಕ್ಕಾ, ಕೂಸು ಅಳಾಕತ್ತೈತಿ," ಅಂದಳು ನೆರೆಮನೆಯ ಮಾಲವ್ವ.

ಸಿದ್ದಕ್ಕ ಹೋಗಿ ಮಡಿಗಳ ಪಕ್ಕದ ಆ ಸುಣ್ಣದ ಕಲ್ಲನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದಳು. ಗಂಗವ್ವನ ಕಲ್ಲಿಗೆ ಹೇಗೂ ಸುಣ್ಣ ಬಳಿಯಬೇಕು, ಇದಕ್ಕೆ ಬಳಿದೇ ಇತ್ತು. ಆಗ ಇದ್ದದ್ದು ಅಷ್ಟೇ ಯೋಚನೆ. ಅಷ್ಟೇ ಇತ್ತೇ?

ಮರುವಾರ ಶಂಕ್ರಪ್ಪ ಕೂಲಿಗಳೊಂದಿಗೆ ಸುಣ್ಣದ ಗುರುತು ನೋಡುತ್ತ ಒರತೆಯ ಬಳಿ ಬಂದಾಗ ಸಿದ್ದಕ್ಕ, ಮಾಲವ್ವ ಅಲ್ಲೇ ನೀರು ತುಂಬುತ್ತಿದ್ದರು.

"ಅರಿಷಿಣ ಕುಂಕುಮ ಐತ್ರಿ ಈ ಕಲ್ಲಿಗೆ. ನಾ ಮುಟ್ಟಾಂಗಿಲ್ಲ," ಅಂದ ಕೂಲಿ ಲಗಮಪ್ಪ.

"ಮುಟ್ಟಬ್ಯಾಡ ಬಿಡು. ಗಂಗವ್ವನೂ ಸರ್ಕಾರಿ ನೌಕರಿ ಮಾಡ್ಲಿ," ಎಂದು ನಕ್ಕ ಶಂಕ್ರಪ್ಪ ಆಮೇಲೆ ತಲೆ ಕೆರೆದುಕೊಂಡ. "ಆದ್ರ ನಾ ಇಷ್ಟ ಒಳಗ ಇಟ್ಟಿದ್ನೇನು? ನಕಾಶಿ ನೋಡೂಣಂದ್ರ ಹಳಿಯಾಳದ ಆಫೀಸಿನ್ಯಾಗ ಐತಿ. ಏನವಾ, ದಿನಾ ಬರಾಕಿ ನೀನ. ಈ ಕಲ್ಲು ಇಲ್ಲೇ ಇತ್ತೇನು?"

ಹೂಂ ಅಂದರೆ ಒಡ್ಡು ಒರತೆಯ ಮಗ್ಗುಲಲ್ಲೇ ಏಳುತ್ತದೆ. ಮಡಿಗಳು ಹೊರಗೆ ಉಳಿಯುತ್ತವೆ, ಅವಳ ಕೈಯಲ್ಲಿ, ಹೊಳೆಯ ಬಾಯಲ್ಲಿ. ಒರತೆಗೂ ರಾಡಿ ಬರಬಹುದು.

"ಹೂಂ ಅನ್ನು. ಯಾರು ನೋಡ್ಯಾರ?" ಮಾಲವ್ವ ಪಿಸುಗುಟ್ಟಿದಳು.

ಅಂದು ಕಲ್ಲೆತ್ತುವಾಗ ಮಡಿಗಳ ಕಡೆ ನೋಡಿದ್ದು ಸಿದ್ದಕ್ಕನಿಗೆ ನೆನಪಿತ್ತು. ಆದರೆ ಅಲ್ಲಿ ಹೋದಾಗಲೆಲ್ಲ ಅವಳು ನೋಡುವುದು ಅವನ್ನೇ. ಗಂಗವ್ವನಿಗೆ ಅಂತ ತಂದಿದ್ದರೆ ಈಗ ಎದೆ ಯಾಕೆ ಹೊಡೆದುಕೊಳ್ಳಬೇಕು? ಮಡಿಗಾಗಿ ತಂದಿದ್ದರೆ, ಮಗಳ ಕೈಯಲ್ಲಿ ತಾನು ಪೂಜೆ ಮಾಡಿಸಿದ್ದು ಯಾವುದಕ್ಕೆ?

"ನಾನ ತಂದಿಟ್ಟೇನ್ರಿ ಸಾಹೇಬ್ರ."

"ಎಲ್ಲಿತ್ತು ತೋರಸು, ನಡಿ."

ಅವಳು ಮಡಿಗಳ ಬದುವಿನ ಮೇಲೆ ನಡೆದಳು. ಹಿಂದೆ ಶಂಕ್ರಪ್ಪ, ಗೂಟ ಹಿಡಿದ ಲಗಮಪ್ಪ. ಕಲ್ಲು ಕೂತಿದ್ದ ಗುರುತು ಗಾಳಿಗೆ ಅಳಿಸಿಹೋಗಿತ್ತು. ಲಕ್ಕಿ ಗಿಡದ ಹತ್ತಿರ ಎಂದು ನೆನಪು. ಲಕ್ಕಿ ಗಿಡಗಳು ಹೊಳೆಯ ಕಡೆಗೆ ಸಾಲಾಗಿ ಮೂರಿದ್ದವು. ಅವಳು ಒಂದನ್ನು ದಾಟಿದಳು, ಎರಡನೆಯದರ ಬಳಿ ತಡೆದಳು, ಮತ್ತೆ ನಡೆದಳು. ಮೂರನೆಯದರ ಬುಡದಲ್ಲಿ ನಿಂತಾಗ ಕಾಲ್ಬೆರಳಿಗೆ ನೀರು ತಾಗಿತು.

"ಇಷ್ಟ ಹೊರಗ?"

"ಇಲ್ಲೇರಿ."

ಲಗಮಪ್ಪ ಗೂಟ ಹೊಡೆದ. ನಾಲ್ಕೂ ಮಡಿ ಅದರ ಒಳಗೆ ಬಿದ್ದವು.

"ನಿನ್ನ ಬಾಯಿ ಹೊಲೀಬೇಕು ನೋಡು," ಹತ್ತಿರ ಬಂದು ಮಾಲವ್ವ ಅಂದಳು. "ಎರಡನೇ ಗಿಡಾ ಅಂದಿದ್ರ ಎರಡು ಮಡಿ ಆದ್ರೂ ಉಳೀತಿದ್ವು."

"ಎರಡನೇದ್ರ ಹತ್ರಾನ ಇತ್ತೇನು, ಮಾಲವ್ವಾ? ನೀ ನೋಡಿದ್ದೇನು?"

"ನಾ ಏನ ನೋಡ್ಲಿ? ಕೂಸಿನ್ನ ಹಿಡಕೊಂಡಿದ್ನಿ."

ಸಿದ್ದಕ್ಕ ಗೂಟದತ್ತ ನೋಡಿದಳು. ಈಚೆಗಿತ್ತು ಎಂದು ಈಗಲೂ ಹೇಳಬಹುದು. ಅದು ನಿಜವೂ ಇರಬಹುದು. ನಿಜಕ್ಕೆ ಇಲ್ಲಿ ಬಂದು ನಿಂತಳೋ, ಹೆದರಿ ಇಷ್ಟು ದೂರ ಬಂದಳೋ, ಅವಳಿಗೇ ತಿಳಿಯಲಿಲ್ಲ.

"ಬೆಳದದ್ದು ಕಿತಗೊಂಡ ಹೋಗವಾ, ನಾಳೆ ಕಲ್ಲು ಬರ್ತಾವು," ಅಂದ ಶಂಕ್ರಪ್ಪ.

ಅವಳು ಮಡಿಗೆ ಇಳಿದು ಮೂಲಂಗಿ ಕೀಳತೊಡಗಿದಳು. ಅವಿನ್ನೂ ಬೆರಳಷ್ಟು ದಪ್ಪ ಆಗಿರಲಿಲ್ಲ.